ಕೂಸಿನ ಬಟ್ಟೆ: ಕಟ್ಟುವುದು, ಒಗೆಯುವುದು, ನೋಡಿ ತಿಳಿಯುವುದು

ಹೆರಿಗೆಯಾಗಿ ಮನೆಗೆ ಹೊರಡುವ ದಿನ ತಾಯಿಯೂ ಜೊತೆಗಿರುವವರೂ ಹಲವು ವಿಷಯಗಳನ್ನು ವಿಚಾರಿಸುತ್ತಾರೆ. ಲಸಿಕೆ ಯಾವಾಗ, ಹೊಲಿಗೆ ಎಂದಿಗೆ ಮಾಯುತ್ತದೆ, ಬಾಣಂತಿ ಏನು ಊಟ ಮಾಡಬಹುದು, ಮಗುವಿಗೆ ಎಷ್ಟು ಸಲ ಹಾಲು ಕೊಡಬೇಕು ಎಂದೆಲ್ಲ ಕೇಳಿ ತಿಳಿದುಕೊಳ್ಳುತ್ತಾರೆ. ಆದರೆ ದಿನಕ್ಕೆ ಹತ್ತು ಹನ್ನೆರಡು ಸಲ ಮಾಡಬೇಕಾದ ಒಂದು ಕೆಲಸದ ಬಗ್ಗೆ ಕೇಳುವವರು ಕಡಿಮೆ. ಅದು ಮಗುವಿನ ಲಂಗೋಟಿ ಬದಲಿಸುವ ಕೆಲಸ.

ಹಿಂದೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತುಂಬಿದ ಮನೆಗಳಲ್ಲಿ ಅಕ್ಕನ ಮಗುವಿಗೆ, ಅತ್ತಿಗೆಯ ಮಗುವಿಗೆ ಮಾಡುವುದನ್ನು ನೋಡಿಯೇ ಹೆಣ್ಣುಮಕ್ಕಳು ಕಲಿಯುತ್ತಿದ್ದರು. ಇಂದು ಮೇಟಗಳ್ಳಿ, ಹೆಬ್ಬಾಳು, ಹೂಟಗಳ್ಳಿ ಕಡೆ ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆಸಿರುವ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೇ ಇರುತ್ತಾರೆ. ತವರಿನಿಂದ ಬಂದ ತಾಯಿ ಮೂರು ತಿಂಗಳಿಗೆ ಊರಿಗೆ ಹೊರಟರೆ ಮುಂದಿನದೆಲ್ಲ ಹೊಸದು. ಹೀಗಾಗಿ ಅಂಗಡಿಯ ಡೈಪರ್ ಸುಲಭವೆನಿಸುತ್ತದೆ. ಅದನ್ನು ಬಳಸುವುದು ತಪ್ಪಲ್ಲ. ಆದರೆ ಬಟ್ಟೆಯ ಲಂಗೋಟಿಯಿಂದ ಆಗುವ ಒಂದು ಉಪಕಾರ ಡೈಪರಿನಿಂದ ಅಷ್ಟು ಚೆನ್ನಾಗಿ ಆಗುವುದಿಲ್ಲ. ಮಗುವಿಗೆ ಹಾಲು ಸಾಕಾಗುತ್ತಿದೆಯೇ, ಹೊಟ್ಟೆ ಸರಿಯಾಗಿದೆಯೇ, ಕಾಮಾಲೆಯ ಸೂಚನೆ ಇದೆಯೇ ಎಂಬುದನ್ನು ಬಟ್ಟೆ ತಾಯಿಗೆ ತೋರಿಸಿಕೊಡುತ್ತದೆ. ಮಾತು ಬಾರದ ಕೂಸು ತನ್ನ ಸ್ಥಿತಿಯನ್ನು ತಿಳಿಸುವ ದಾರಿಗಳಲ್ಲಿ ಇದೂ ಒಂದು. ಈ ಲೇಖನದಲ್ಲಿ ಬಟ್ಟೆ ಸಿದ್ಧಪಡಿಸುವುದು, ಕಟ್ಟುವುದು, ಒಗೆಯುವುದು ಹೇಗೆ ಎಂಬುದರ ಜೊತೆಗೆ ಅದನ್ನು ನೋಡಿ ತಿಳಿಯುವುದು ಹೇಗೆ ಎಂಬುದನ್ನೂ ವಿವರಿಸಲಾಗಿದೆ.

ಎಂತಹ ಬಟ್ಟೆ? ಎಷ್ಟು ಬೇಕು?

ಹಲವು ವರ್ಷ ಉಟ್ಟು ಒಗೆದು ಮೆತ್ತಗಾದ ಹತ್ತಿ ಸೀರೆ, ಬಿಳಿ ಪಂಚೆಗಳೇ ಕೂಸಿಗೆ ಅತ್ಯುತ್ತಮ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದು ನೀರನ್ನು ಬೇಗ ಹೀರುವುದಿಲ್ಲ. ಹೊಸದನ್ನೇ ಬಳಸುವುದಾದರೆ ಮೊದಲು ಐದಾರು ಸಲ ಒಗೆದು ಒಣಗಿಸಬೇಕು. ಪಾಲಿಯೆಸ್ಟರ್, ನೈಲಾನ್ ಬೆರೆತ ಸೀರೆಗಳು ಬೇಡ. ಜರಿ ಅಂಚು, ಗುಂಡಿ, ಹುಕ್ಕುಗಳನ್ನು ತೆಗೆದುಹಾಕಬೇಕು. ಬಣ್ಣ ಬಿಡುವ ಬಟ್ಟೆಯನ್ನು ಬಳಸಬಾರದು. ಬಿಳಿಯ ಅಥವಾ ತೀರ ತಿಳಿ ಬಣ್ಣದ ಬಟ್ಟೆಯಾದರೆ ಮಲಮೂತ್ರದ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಇದು ಏಕೆ ಮುಖ್ಯವೆಂಬುದನ್ನು ಮುಂದೆ ಹೇಳಲಾಗಿದೆ.

ಒಂದು ಪಂಚೆಯಲ್ಲಿ ಸುಮಾರು 24 ಅಂಗುಲ ಚೌಕದ ಆರು ತುಂಡುಗಳು ಸಿಗುತ್ತವೆ. ಒಂದು ಹತ್ತಿ ಸೀರೆಯಲ್ಲಿ 22 ಅಂಗುಲ ಚೌಕದ ಹದಿನೆಂಟು ತುಂಡುಗಳವರೆಗೆ ಸಿಗುತ್ತವೆ. ಹುಟ್ಟಿದ ಕೂಸಿಗೆ ಈ ಅಳತೆ ಸಾಕು. ದಿನಕ್ಕೆ ಹತ್ತು ಹನ್ನೆರಡು ಬೇಕಾಗುವುದರಿಂದಲೂ ಮೋಡದ ದಿನಗಳಲ್ಲಿ ಬೇಗ ಒಣಗದಿರುವುದರಿಂದಲೂ 24ರಿಂದ 30 ತುಂಡುಗಳಿದ್ದರೆ ತೊಂದರೆಯಾಗದು. ಅಂದರೆ ಒಂದು ಸೀರೆ, ಎರಡು ಪಂಚೆ ಇದ್ದರೆ ಕೆಲಸ ಶುರುಮಾಡಬಹುದು. ಏಳನೆಯ ತಿಂಗಳಿನಲ್ಲಿಯೇ ಇವನ್ನು ಕತ್ತರಿಸಿ, ಅಂಚು ಮಡಿಸಿ ಹೊಲಿದು, ಒಗೆದು ಇಟ್ಟುಕೊಳ್ಳುವುದು ಒಳ್ಳೆಯದು.

ಅಂಚು ಹೊಲಿಯುವುದು ಅಂದಕ್ಕಾಗಿ ಅಲ್ಲ. ಹರಿದ ಬಟ್ಟೆಯ ಅಂಚಿನಿಂದ ಬಿಡುವ ನೂಲಿನ ಎಳೆ ಕೂಸಿನ ಕಾಲ್ಬೆರಳಿಗೋ ಗಂಡುಮಗುವಿನ ಶಿಶ್ನಕ್ಕೋ ಸುತ್ತಿಕೊಂಡು ಬಿಗಿಯಬಹುದು. ಆ ಭಾಗಕ್ಕೆ ರಕ್ತ ಹರಿಯದೆ ಊದಿಕೊಂಡು ನೀಲಿಗಟ್ಟುತ್ತದೆ. ತಾಯಿಯ ತಲೆಗೂದಲಿನಿಂದಲೂ ಹೀಗಾಗುವುದುಂಟು. ಕಾರಣ ತಿಳಿಯದೆ ಮಗು ಒಂದೇ ಸಮನೆ ಕಿರುಚಿ ಅಳುತ್ತಿದ್ದರೆ ಬಟ್ಟೆ ಬಿಚ್ಚಿ ಬೆರಳುಗಳ ಸಂದಿಗಳನ್ನೂ ಜನನಾಂಗವನ್ನೂ ನೋಡಬೇಕು. ಎಳೆ ಸಿಕ್ಕಿಕೊಂಡು ಸುಲಭವಾಗಿ ಬಿಡಿಸಲಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆತರಬೇಕು.

ನುಸಿಗುಳಿಗೆಯ ಬಗ್ಗೆ ಎಚ್ಚರಿಕೆ

ಟ್ರಂಕಿನಲ್ಲೋ ಬೀರುವಿನಲ್ಲೋ ನುಸಿಗುಳಿಗೆ ಹಾಕಿ ಇಟ್ಟಿದ್ದ ಹಳೆಯ ಸೀರೆ, ಶಾಲು, ದೊಡ್ಡ ಮಗುವಿನ ಬಟ್ಟೆಗಳನ್ನು ತೆಗೆದು ಹಾಗೆಯೇ ಕೂಸಿಗೆ ಹಾಕಬಾರದು. ನ್ಯಾಫ್ತಲೀನಿನ ನುಸಿಗುಳಿಗೆ ಗಾಳಿಯಲ್ಲಿ ಆವಿಯಾಗಿ ಬಟ್ಟೆಗೆ ಅಂಟಿರುತ್ತದೆ. ಅದು ಉಸಿರಿನ ಮೂಲಕವೂ ಚರ್ಮದ ಮೂಲಕವೂ ಮಗುವಿನ ದೇಹ ಸೇರುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಇದು ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಂಡುಬರುತ್ತದೆ. ಅಂತಹ ಮಗುವಿನಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕಾಮಾಲೆ ಒಂದೆರಡು ದಿನಗಳಲ್ಲಿ ವಿಪರೀತ ಏರಿ ಮಿದುಳಿಗೂ ಪೆಟ್ಟಾಗಬಹುದು. ನೋಡುವುದಕ್ಕೆ ಇಂತಹ ಮಗು ಇತರ ಮಕ್ಕಳಂತೆಯೇ ಇರುತ್ತದೆ. ಆದ್ದರಿಂದ ಎಲ್ಲ ಮನೆಗಳಲ್ಲಿಯೂ ಒಂದೇ ನಿಯಮ ಪಾಲಿಸುವುದು ಕ್ಷೇಮ. ಕೂಸಿನ ಬಟ್ಟೆಯ ಜೊತೆ ನುಸಿಗುಳಿಗೆ ಇಡಬಾರದು. ವಾಸನೆ ಇರುವ ಬಟ್ಟೆಯನ್ನು ಹಲವು ಸಲ ಒಗೆದು, ಬಿಸಿಲಿನಲ್ಲಿ ದಿನಗಟ್ಟಲೆ ಹರಡಿ, ವಾಸನೆ ಪೂರ್ತಿ ಹೋಗದಿದ್ದರೆ ಬೇರೆ ಬಟ್ಟೆಯನ್ನೇ ಬಳಸಬೇಕು.

ಕಟ್ಟುವ ಕ್ರಮ

ಚೌಕದ ಬಟ್ಟೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸಿದರೆ ತ್ರಿಕೋನವಾಗುತ್ತದೆ. ಉದ್ದನೆಯ ಮಡಿಕೆಯ ಅಂಚು ಮಗುವಿನ ಸೊಂಟದ ಕೆಳಗೆ ಬರುವಂತೆ, ಚೂಪು ತುದಿ ಕಾಲಿನ ಕಡೆ ಇರುವಂತೆ ಹಾಸಬೇಕು. ಇನ್ನೊಂದು ಬಟ್ಟೆಯನ್ನು ನಾಲ್ಕು ಮಡಿಕೆಯ ಪಟ್ಟಿಯಾಗಿ ಮಾಡಿ ನಡುವೆ ಇಟ್ಟರೆ ಹೆಚ್ಚು ಒದ್ದೆ ಹೀರುತ್ತದೆ. ಗಂಡುಮಗುವಿಗೆ ಈ ಪಟ್ಟಿ ಮುಂಭಾಗದಲ್ಲಿ ದಪ್ಪಗಿರಲಿ. ಹೆಣ್ಣುಮಗುವಿಗೆ ನಡುಭಾಗದಲ್ಲಿ ದಪ್ಪಗಿರಲಿ. ಚೂಪು ತುದಿಯನ್ನು ಕಾಲುಗಳ ನಡುವಿನಿಂದ ಹೊಟ್ಟೆಯ ಮೇಲಕ್ಕೆ ತಂದು, ಎರಡು ಪಕ್ಕದ ತುದಿಗಳನ್ನು ಅದರ ಮೇಲೆ ಸೇರಿಸಿ ಸಡಿಲವಾಗಿ ಗಂಟು ಹಾಕಬೇಕು. ಸೊಂಟಕ್ಕೂ ಬಟ್ಟೆಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗವಿರಬೇಕು. ಸೇಫ್ಟಿಪಿನ್ ಬಳಸದಿರುವುದೇ ಒಳ್ಳೆಯದು, ಗಂಟು ಅಥವಾ ಹೊಲಿದ ಲಾಡಿ ಸಾಕು.

ಉಡಿದಾರಕ್ಕೆ ಹಿಂದೆ ಮುಂದೆ ಸಿಕ್ಕಿಸುವ ಉದ್ದನೆಯ ಲಂಗೋಟಿ ನಮ್ಮ ಕಡೆಯ ಹಳೆಯ ರೂಢಿ. ಗಾಳಿಯಾಡುತ್ತದೆ, ಬದಲಿಸಲು ಸುಲಭ. ಆದರೆ ಮಗು ವಾರ ವಾರಕ್ಕೂ ದಪ್ಪವಾಗುತ್ತದೆ, ದಾರ ದಪ್ಪವಾಗುವುದಿಲ್ಲ. ಚರ್ಮದ ಮೇಲೆ ಗುರುತು ಬೀಳುವ ಮೊದಲೇ ಅದನ್ನು ಸಡಿಲಿಸಬೇಕು. ಒದ್ದೆಯಾದ ದಾರ ಸೊಂಟದ ಸುತ್ತ ಗಾಯ ಮಾಡುವುದರಿಂದ ಸ್ನಾನವಾದ ಮೇಲೆ ಅದನ್ನೂ ಒರೆಸಬೇಕು.

ಹೊಕ್ಕುಳ ಬಳ್ಳಿ ಬೀಳುವವರೆಗೆ ಲಂಗೋಟಿ ಹೊಕ್ಕುಳಿಗಿಂತ ಕೆಳಗೇ ಇರಬೇಕು. ಮೂತ್ರದ ಒದ್ದೆ ತಾಗಿದರೆ ಸೋಂಕು ಹತ್ತುತ್ತದೆ. ಹೊಕ್ಕುಳಿಗೆ ಎಣ್ಣೆ, ಅರಿಶಿನ, ಬೂದಿ, ಪೌಡರ್ ಯಾವುದನ್ನೂ ಹಚ್ಚಬಾರದು. ಒಣಗಿರಲು ಬಿಟ್ಟರೆ ಅದು ತಾನಾಗಿಯೇ ಬೀಳುತ್ತದೆ.

ಕೂಸಿನ ಕಾಲುಗಳು ಮೊಣಕಾಲಿನಲ್ಲಿ ಮಡಿಸಿಕೊಂಡು ಕಪ್ಪೆಯ ಕಾಲಿನಂತೆ ಅಗಲವಾಗಿರುವುದು ಸಹಜ. ಎಣ್ಣೆನೀರಿನ ನಂತರ ಕಾಲುಗಳನ್ನು ನೇರಮಾಡಿ ಬಿಗಿಯಾಗಿ ಸುತ್ತಿ ಮಲಗಿಸುವ ಪದ್ಧತಿ ಕೆಲವೆಡೆ ಇದೆ. ಹೀಗೆ ಬಿಗಿದರೆ ಇನ್ನೂ ಎಳೆಯದಾಗಿರುವ ಸೊಂಟದ ಕೀಲು ತನ್ನ ಗುಳಿಯಲ್ಲಿ ಸರಿಯಾಗಿ ಕೂರದೆ ಜಾರುವ ಸಂಭವವಿದೆ. ಬೆಚ್ಚಗಿರಲೆಂದು ಸುತ್ತುವುದಾದರೆ ಎದೆಯ ಭಾಗ ಸುತ್ತಿ, ಕಾಲುಗಳು ಆಡುವಂತೆ ಕೆಳಗೆ ಸಡಿಲವಾಗಿ ಬಿಡಬೇಕು. ಕಾಲುಗಳ ನಡುವೆ ತುಸು ದಪ್ಪಗಿರುವ ಬಟ್ಟೆಯ ಲಂಗೋಟಿಯಿಂದ ಕೀಲಿಗೆ ತೊಂದರೆಯಿಲ್ಲ.

ಬದಲಿಸುವಾಗ ನೆನಪಿಡಬೇಕಾದದ್ದು

ಒದ್ದೆಯಾದ ಕೂಡಲೇ ಬದಲಿಸಬೇಕು ಎಂಬುದು ಮೊದಲ ನಿಯಮ. ಮಲವಾಗಿದ್ದರಂತೂ ಒಂದು ನಿಮಿಷವೂ ಕಾಯಬಾರದು. ಮಲದಲ್ಲಿರುವ ಅಂಶಗಳು ಮೂತ್ರದೊಡನೆ ಸೇರಿದಾಗ ಅಮೋನಿಯಾ ಉಂಟಾಗಿ ಚರ್ಮ ಉರಿಯುತ್ತದೆ, ಸುಲಿಯುತ್ತದೆ. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅಂಗಡಿಯ ಡೈಪರಿನಲ್ಲಿರುವ ಪುಡಿ ಮೂತ್ರವನ್ನು ಹೀರಿ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಬಟ್ಟೆಗೆ ಆ ಗುಣವಿಲ್ಲ. ಹಾಗಾಗಿ ಒದ್ದೆ ಬಟ್ಟೆಯನ್ನು ಎರಡು ಗಂಟೆ ಬಿಟ್ಟರೆ ಡೈಪರಿಗಿಂತ ಬಟ್ಟೆಯೇ ಹೆಚ್ಚು ಕೆಡುಕು ಮಾಡುತ್ತದೆ. ಬೇಗ ಬೇಗ ಬದಲಿಸಿದಾಗ ಮಾತ್ರ ಬಟ್ಟೆ ಮೇಲು.

ಚರ್ಮವನ್ನು ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಪ್ರತಿ ಸಲವೂ ಸೋಪು ಬೇಡ. ಹೆಣ್ಣುಮಗುವಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಇಲ್ಲವಾದರೆ ಮಲದ ಅಂಶ ಮೂತ್ರದ್ವಾರ ಸೇರಿ ಸೋಂಕಾಗುತ್ತದೆ. ಗಂಡುಮಗುವಿನ ಮುಂದೊಗಲನ್ನು ಹಿಂದಕ್ಕೆಳೆದು ತೊಳೆಯಬಾರದು. ಪೌಡರ್ ಹಚ್ಚುವುದು ಬೇಡ. ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ, ತೊಡೆಯ ಸಂದಿಯಲ್ಲಿ ಗಂಟುಗಟ್ಟಿ ಉಜ್ಜುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಹದಿನೈದು ನಿಮಿಷ ಲಂಗೋಟಿಯಿಲ್ಲದೆ ಗಾಳಿಗೆ ಬಿಡುವುದು ಯಾವ ಪೌಡರಿಗಿಂತಲೂ ಒಳ್ಳೆಯದು.

ರಾತ್ರಿ ಹೊತ್ತು ಒಳಪಟ್ಟಿ ಇನ್ನೊಂದು ಸೇರಿಸಬಹುದು. ಹಾಸಿಗೆಯ ಮೇಲೆ ರಬ್ಬರ್ ಶೀಟ್ ಹಾಕಿ, ಅದರ ಮೇಲೆ ಹತ್ತಿಯ ದುಪ್ಪಟಿ ಹಾಸಬೇಕು. ರಬ್ಬರ್ ಮಗುವಿನ ಮೈಗೆ ನೇರವಾಗಿ ತಾಗಬಾರದು. ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿ ಗಂಟೆಗಟ್ಟಲೆ ಬಿಡಬಾರದು, ಬೆವರೂ ಒದ್ದೆಯೂ ಒಳಗೇ ಉಳಿದು ಚರ್ಮ ಬೇಯುತ್ತದೆ.

ಬಟ್ಟೆ ಹೇಳುವ ಸುದ್ದಿ

"ಹಾಲು ಸಾಲುತ್ತಿಲ್ಲ ಎಂದು ಕಾಣುತ್ತದೆ, ಸಿಸ್ಟರ್. ಡಬ್ಬದ ಹಾಲು ಶುರುಮಾಡೋಣವೇ?" ಎಂದು ಹೆರಿಗೆ ವಾರ್ಡಿನಲ್ಲಿ ಅಜ್ಜಿಯಂದಿರು ಕೇಳುವುದು ಸಾಮಾನ್ಯ. ಇದಕ್ಕೆ ಉತ್ತರ ಕೊಡುವ ಮೊದಲು ಸಿಸ್ಟರ್ ಕೇಳುವ ಪ್ರಶ್ನೆ: "ನಿನ್ನೆಯಿಂದ ಎಷ್ಟು ಬಟ್ಟೆ ಒದ್ದೆಯಾದವು, ಅಮ್ಮಾ?"

ಎದೆಹಾಲನ್ನು ಅಳೆಯಲು ಆಗುವುದಿಲ್ಲ. ಒಳಗೆ ಹೋದದ್ದನ್ನು ಹೊರಗೆ ಬಂದದ್ದರಿಂದ ತಿಳಿಯಬೇಕು. ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು ಸಲ, ಮೂರನೆಯ ದಿನ ಮೂರು ಸಲ ಮೂತ್ರ ಮಾಡಿದರೂ ಸಾಕು. ಹಾಲು ಚೆನ್ನಾಗಿ ಇಳಿದ ಮೇಲೆ, ಅಂದರೆ ಐದನೆಯ ದಿನದಿಂದ, 24 ಗಂಟೆಗಳಲ್ಲಿ ಕನಿಷ್ಠ ಆರು ಬಟ್ಟೆಗಳು ಚೆನ್ನಾಗಿ ಒದ್ದೆಯಾಗಬೇಕು. ಬರೀ ಎದೆಹಾಲು ಕುಡಿಯುತ್ತಿರುವ ಮಗು ಹೀಗೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡಿ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಮಗು ಅಳುತ್ತದೆ, ಎದೆ ಮೆತ್ತಗಿದೆ ಎಂಬ ಕಾರಣಕ್ಕೆ ಡಬ್ಬದ ಹಾಲು ಕೊಡಬೇಕಾಗಿಲ್ಲ. ಬದಲಾಗಿ ಬಟ್ಟೆಗಳು ಮೂರೋ ನಾಲ್ಕೋ ಮಾತ್ರ ಒದ್ದೆಯಾಗುತ್ತಿದ್ದು ಮಗು ಹೆಚ್ಚು ಹೊತ್ತು ಮಂಪರಿನಲ್ಲಿದ್ದರೆ, "ಮಗು ಬಲು ಸಾಧು, ಅಳುವುದೇ ಇಲ್ಲ" ಎಂದು ಸಂತೋಷಪಡುತ್ತ ಕೂರಬಾರದು. ಅದೇ ದಿನ ತೋರಿಸಬೇಕು.

ಎಣಿಸುವುದು ಸುಲಭ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಒಂದು ಒದ್ದೆ ಬಟ್ಟೆಗೆ ಒಂದು ಗೀಟು ಎಳೆದರಾಯಿತು. ಓದು ಬಾರದವರೂ ಇದನ್ನು ಮಾಡಬಹುದು. ಒಂದು ಡೈಪರ್ ಮೂರು ನಾಲ್ಕು ಸಲದ ಮೂತ್ರವನ್ನು ಹೀರಿಕೊಂಡು ಒಣಗಿದಂತೆಯೇ ಇರುವುದರಿಂದ ಈ ಲೆಕ್ಕ ಸಿಗುವುದಿಲ್ಲ. ಆದ್ದರಿಂದ ಮುಂದೆ ಡೈಪರ್ ಬಳಸಬೇಕೆಂದಿರುವವರೂ ಮೊದಲ ಎರಡು ವಾರ ಬಟ್ಟೆಯನ್ನೇ ಬಳಸುವುದು ಉತ್ತಮ. ದೊಡ್ಡ ಮಗುವಿಗೆ ವಾಂತಿಭೇದಿಯಾದಾಗಲೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಆರು ಗಂಟೆಯಾದರೂ ಬಟ್ಟೆ ಒದ್ದೆಯಾಗದಿದ್ದರೆ ದೇಹದಲ್ಲಿ ನೀರು ಕಡಿಮೆಯಾಗುತ್ತಿದೆ ಎಂದು ತಿಳಿದು ಆಸ್ಪತ್ರೆಗೆ ಬರಬೇಕು.

ಇನ್ನು ಬಣ್ಣಗಳ ವಿಚಾರ. ಮೊದಲ ಎರಡು ದಿನ ಮಲ ಕಪ್ಪು ಹಸಿರಾಗಿ ಅಂಟಂಟಾಗಿರುತ್ತದೆ. ಮೂರು ನಾಲ್ಕನೆಯ ದಿನ ಹಸಿರು ಮಿಶ್ರಿತವಾಗಿ, ಐದನೆಯ ದಿನದ ಹೊತ್ತಿಗೆ ಹಳದಿಯಾಗುತ್ತದೆ. ಎದೆಹಾಲಿನ ಮಗುವಿನ ಮಲ ತೆಳ್ಳಗೆ, ಸಣ್ಣ ಕಾಳು ಕಾಳಾಗಿ ಇರುವುದು ಸಹಜ. ಹಾಲು ಕುಡಿದಾಗಲೆಲ್ಲ ಸ್ವಲ್ಪ ಸ್ವಲ್ಪ ಹೋಗುವುದು ಭೇದಿಯಲ್ಲ. ತಿಂಗಳು ತುಂಬಿದ ಮೇಲೆ ಕೆಲವು ಮಕ್ಕಳು ಎರಡು ಮೂರು ದಿನಕ್ಕೊಮ್ಮೆ ಹೋಗುವುದೂ ಉಂಟು. ಮಲ ಮೆತ್ತಗಿದ್ದು ಮಗು ಆಡಿಕೊಂಡಿದ್ದರೆ ಅದು ಮಲಬದ್ಧತೆಯಲ್ಲ. ಹರಳೆಣ್ಣೆ, ಸೋಪಿನ ತುಂಡು, ವೀಳ್ಯದೆಲೆಯ ತೊಟ್ಟು ಯಾವುದನ್ನೂ ಪ್ರಯೋಗಿಸಬಾರದು.

ಮೊದಲ ಎರಡು ಮೂರು ದಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂತಹ ಕಿತ್ತಳೆ ಬಣ್ಣದ ಕಲೆ ಕಾಣಬಹುದು. ಅದು ಮೂತ್ರದಲ್ಲಿರುವ ಯೂರಿಕ್ ಆಮ್ಲದ ಹರಳು, ರಕ್ತವಲ್ಲ. ಐದನೆಯ ದಿನದ ನಂತರವೂ ಅದು ಮುಂದುವರಿದರೆ ಹಾಲು ಸಾಲುತ್ತಿಲ್ಲ ಎಂಬುದರ ಗುರುತು. ಹೆಣ್ಣುಮಗುವಿಗೆ ಮೊದಲ ವಾರದಲ್ಲಿ ಬಿಳಿ ಸ್ರಾವ ಅಥವಾ ಒಂದೆರಡು ತೊಟ್ಟು ರಕ್ತ ಕಂಡು ಮನೆಯವರು ಗಾಬರಿಯಾಗುತ್ತಾರೆ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಹಾರ್ಮೋನು ಕಡಿಮೆಯಾಗುವುದರಿಂದ ಹೀಗಾಗುತ್ತದೆ. ಕೆಲವೇ ದಿನಗಳಲ್ಲಿ ನಿಲ್ಲುತ್ತದೆ, ಚಿಕಿತ್ಸೆ ಬೇಕಿಲ್ಲ. ಆದರೆ ಮಲದಲ್ಲಿ ರಕ್ತ ಕಂಡರೆ ತೋರಿಸಲೇಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಳಿ ಮಲ. ಕೂಸಿನ ಮಲ ಸುಣ್ಣದಂತೆ ಬೆಳ್ಳಗೆ, ಬೂದಿಯಂತೆ ಅಥವಾ ತೀರ ಬಿಳಿಚಿದ ಹಳದಿಯಾಗಿ ಇದ್ದು, ಮೂತ್ರ ಬಟ್ಟೆಗೆ ಗಾಢ ಹಳದಿ ಕಲೆ ಹಾಕುತ್ತಿದ್ದರೆ ಅದು ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂಬುದರ ಸೂಚನೆ. ಸಾಮಾನ್ಯವಾಗಿ ಕೂಸಿನ ಮೂತ್ರಕ್ಕೆ ಬಣ್ಣವೇ ಇರುವುದಿಲ್ಲ. ಪಿತ್ತನಾಳ ಮುಚ್ಚಿಹೋಗಿರುವ ಬಿಲಿಯರಿ ಅಟ್ರೀಸಿಯಾ ಎಂಬ ಕಾಯಿಲೆಯಲ್ಲಿ ಮಗು ಮೊದಲ ವಾರಗಳಲ್ಲಿ ಹಾಲು ಕುಡಿದುಕೊಂಡು ಚೆನ್ನಾಗಿಯೇ ಕಾಣುತ್ತದೆ. ಕಣ್ಣು ತುಸು ಹಳದಿ ಇದ್ದರೂ "ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ" ಎಂದು ಕಾಯುತ್ತಾರೆ. ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಇದಕ್ಕೆ ಜಪಾನಿನ ಶಸ್ತ್ರವೈದ್ಯ ಕಸಾಯ್ ಅವರು 1959ರಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸೆ ಇದೆ. ಮಗುವಿಗೆ 60 ದಿನ ತುಂಬುವುದರೊಳಗೆ ಆದರೆ ಫಲ ಹೆಚ್ಚು, ತಡವಾದಷ್ಟೂ ಕಡಿಮೆ. ತೈವಾನ್ ದೇಶದಲ್ಲಿ 2004ರಿಂದ ಮಲದ ಬಣ್ಣಗಳ ಚಿತ್ರವಿರುವ ಕಾರ್ಡನ್ನು ಎಲ್ಲ ತಾಯಂದಿರಿಗೂ ಕೊಡುವ ವ್ಯವಸ್ಥೆಯಾಯಿತು. ಅದರಿಂದ ಈ ಕಾಯಿಲೆಯ ಮಕ್ಕಳು ಬೇಗ ಆಸ್ಪತ್ರೆಗೆ ಬರುವಂತಾಯಿತು. ನಮ್ಮ ತಾಯಂದಿರ ಕೈಯಲ್ಲಿ ಅಂತಹ ಕಾರ್ಡು ಇಲ್ಲದಿದ್ದರೂ ಬಿಳಿ ಲಂಗೋಟಿ ಇದೆ. ಅದನ್ನು ಒಗೆಯುವ ಮೊದಲು ಒಮ್ಮೆ ನೋಡಬೇಕು. ಅನುಮಾನ ಬಂದರೆ ಆ ಬಟ್ಟೆಯನ್ನೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು ವೈದ್ಯರಿಗೆ ತೋರಿಸಬಹುದು, ನಾಚಿಕೆಪಡಬೇಕಾಗಿಲ್ಲ. ಹದಿನಾಲ್ಕು ದಿನ ಕಳೆದರೂ ಮೈ ಅಥವಾ ಕಣ್ಣು ಹಳದಿಯಾಗಿದ್ದರೆ ಮಲದ ಬಣ್ಣ ಹೇಗೇ ಇರಲಿ, ರಕ್ತಪರೀಕ್ಷೆ ಮಾಡಿಸಬೇಕು.

ಒಗೆಯುವುದು, ಒಣಗಿಸುವುದು

ಮಲವನ್ನು ಕಕ್ಕಸಿಗೆ ಹಾಕಿ ನೀರು ಹಾಕಬೇಕು. ಕೂಸಿನ ಮಲದಿಂದ ರೋಗ ಬರುವುದಿಲ್ಲ ಎಂಬ ನಂಬಿಕೆ ತಪ್ಪು. ಬಚ್ಚಲಿಗೋ ತೆರೆದ ಚರಂಡಿಗೋ ಬಿಡಬಾರದು. ನಂತರ ಬಟ್ಟೆಯನ್ನು ತಣ್ಣೀರಿನಲ್ಲಿ ಜಾಲಿಸಬೇಕು. ಮೊದಲೇ ಬಿಸಿನೀರು ಹಾಕಿದರೆ ಕಲೆ ಗಟ್ಟಿಯಾಗಿ ಕೂರುತ್ತದೆ. ತಕ್ಷಣ ಒಗೆಯಲು ಆಗದಿದ್ದರೆ ಮುಚ್ಚಳವಿರುವ ಬಕೆಟ್ಟಿನಲ್ಲಿ ನೆನೆಹಾಕಬಹುದು. ಅರ್ಧ ದಿನಕ್ಕಿಂತ ಹೆಚ್ಚು ಬಿಡಬಾರದು. ಮನೆಯಲ್ಲಿ ಅಂಬೆಗಾಲಿಡುವ ಇನ್ನೊಂದು ಮಗುವಿದ್ದರೆ ನೀರು ತುಂಬಿದ ಬಕೆಟ್ ಬಚ್ಚಲುಮನೆಯ ಬಾಗಿಲು ಹಾಕಿದ ಜಾಗದಲ್ಲಿರಬೇಕು. ಸ್ವಲ್ಪ ನೀರಿನಲ್ಲಿಯೂ ಮಗು ಮುಳುಗಬಹುದು.

ಸಾಧಾರಣ ಬಟ್ಟೆ ಸೋಪು ಸಾಕು. ಮನೆಯವರ ಬಟ್ಟೆಯಿಂದ ಬೇರೆಯಾಗಿ ಒಗೆದು, ನೊರೆ ಪೂರ್ತಿ ಹೋಗುವವರೆಗೆ ಮೂರು ನೀರಿನಲ್ಲಿ ಜಾಲಿಸಬೇಕು. ಬಟ್ಟೆಯಲ್ಲಿ ಉಳಿದ ಸೋಪು ಒದ್ದೆಯಾದಾಗ ಚರ್ಮವನ್ನು ಸುಡುತ್ತದೆ. ಸೋಡಾ, ಬ್ಲೀಚಿಂಗ್ ಪುಡಿ, ಸುವಾಸನೆಯ ದ್ರಾವಣಗಳು ಬೇಡ. ಬಟ್ಟೆ ಮೆತ್ತಗಾಗಲೆಂದು ಹಾಕುವ ದ್ರಾವಣದಿಂದ ಹೀರುವ ಶಕ್ತಿಯೂ ಕುಂದುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ನೊರೆ ಬಾರದೆ ಗಸಿಯಾಗಿ ಬಟ್ಟೆಗೆ ಅಂಟುತ್ತದೆ, ಒಣಗಿದ ಬಟ್ಟೆ ಹಪ್ಪಳದಂತೆ ಬಿರುಸಾಗುತ್ತದೆ. ಅಂತಹ ಮನೆಯವರು ಕೊನೆಯ ಜಾಲಾಡುವಿಕೆಗಾದರೂ ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಬೇಕು. ವಾರಕ್ಕೊಮ್ಮೆ ಎಲ್ಲ ಬಟ್ಟೆಗಳನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿದರೆ ವಾಸನೆ, ಸೋಂಕು ಎರಡೂ ಹೋಗುತ್ತವೆ. ಮನೆಯಲ್ಲಿ ಯಾರಿಗಾದರೂ ಕಜ್ಜಿ ಇದ್ದರೆ ಕುದಿಸುವುದು ಕಡ್ಡಾಯ.

ಬಿಸಿಲಿನಲ್ಲಿ ಹರಡಿ ಒಣಗಿಸುವುದೇ ಸರಿಯಾದ ಕ್ರಮ. ಮೈಸೂರಿನಲ್ಲಿ ಮೇ ತಿಂಗಳಲ್ಲಿಯೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೂ ಸಂಜೆ ಮಳೆ ಜೋರು. ಆದ್ದರಿಂದ ಬೆಳಗಿನ ಬಿಸಿಲಿಗೆ ಸಿಗುವಂತೆ ಮುಂಜಾನೆಯೇ ಒಗೆಯುವುದು ಅನುಕೂಲ. ಜೂನ್, ಜುಲೈ ತಿಂಗಳ ಮೋಡದ ದಿನಗಳಲ್ಲಿ ಮನೆಯೊಳಗೆ ಫ್ಯಾನಿನ ಕೆಳಗೆ ಒಣಗಿಸಿ, ಎರಡೂ ಬದಿ ಇಸ್ತ್ರಿ ಮಾಡಬೇಕು. ಅರೆ ಒಣಗಿದ್ದನ್ನು ಮಡಿಸಿಡಬಾರದು. ಬಟ್ಟೆಯನ್ನು ಸಾಂಬ್ರಾಣಿ ಹೊಗೆಗೋ ಕೆಂಡಕ್ಕೋ ಹಿಡಿದು ಒಣಗಿಸುವುದು ಬೇಡ. ಮುಚ್ಚಿದ ಬಾಣಂತಿ ಕೋಣೆಯ ಹೊಗೆ ಮಗುವಿನ ಶ್ವಾಸಕ್ಕೆ ತೊಂದರೆ ಕೊಡುತ್ತದೆ.

ಈ ಕೆಲಸ ಯಾರದು ಎಂಬ ಪ್ರಶ್ನೆಯೂ ಇದೆ. ಬಾಣಂತಿಗೆ ವಿಶ್ರಾಂತಿ ಬೇಕು, ಸಿಸೇರಿಯನ್ ಆದವರು ಬಗ್ಗಿ ಬಕೆಟ್ ಎತ್ತಬಾರದು. ಎಲ್ಲವನ್ನೂ ಅಜ್ಜಿಯ ಮೇಲೆ ಹಾಕುವುದೂ ಸರಿಯಲ್ಲ. ಮಗುವಿನ ತಂದೆ ಶಿಫ್ಟ್ ಮುಗಿಸಿ ಬಂದು ಒಂದು ಬಕೆಟ್ ಬಟ್ಟೆ ಒಗೆದು ಹಾಕುವುದರಲ್ಲಿ ಯಾವ ಕುಂದೂ ಇಲ್ಲ. ಯಾರೇ ಮಾಡಲಿ, ಬಟ್ಟೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಮಗುವನ್ನಾಗಲಿ, ಬಾಣಂತಿಯ ಊಟವನ್ನಾಗಲಿ ಮುಟ್ಟಬಾರದು. ಬರೀ ನೀರಿನಲ್ಲಿ ಅದ್ದಿದರೆ ಕೈ ತೊಳೆದಂತಾಗದು.

ಚರ್ಮ ಕೆಂಪಾದರೆ

ಒದ್ದೆಯಿಂದ ಆದ ಕೆಂಪು ಸಾಮಾನ್ಯವಾಗಿ ಬಟ್ಟೆ ತಾಗುವ ಉಬ್ಬು ಭಾಗಗಳಲ್ಲಿರುತ್ತದೆ, ತೊಡೆಯ ಸಂದಿ ಸ್ವಚ್ಛವಾಗಿರುತ್ತದೆ. ಬೇಗ ಬೇಗ ಬದಲಿಸಿ, ಗಾಳಿಗೆ ಬಿಟ್ಟು, ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಅಥವಾ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿದರೆ ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಸಂದಿಗಳೂ ಕಡುಕೆಂಪಾಗಿ ಸುತ್ತಲೂ ಚಿಕ್ಕ ಚಿಕ್ಕ ಗುಳ್ಳೆಗಳಿದ್ದರೆ, ಬಾಯಲ್ಲಿ ಮೊಸರು ಅಂಟಿದಂತೆ ಬಿಳಿ ಪದರವಿದ್ದರೆ ಅದು ಶಿಲೀಂಧ್ರದ ಸೋಂಕು. ಅದಕ್ಕೆ ಬೇರೆಯೇ ಔಷಧಿ ಬೇಕು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ, ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ಹಚ್ಚಲೇಬಾರದು. ಮೊದಲು ಕಡಿಮೆಯಾದಂತೆ ಕಂಡರೂ ಚರ್ಮ ತೆಳುವಾಗುತ್ತದೆ, ಸೋಂಕು ಹೆಚ್ಚುತ್ತದೆ. ಲಂಗೋಟಿಯೊಳಗಿನ ಬಿಸಿಗೆ ಆ ಔಷಧಿ ಮೈಯೊಳಕ್ಕೂ ಹೆಚ್ಚಾಗಿ ಸೇರುತ್ತದೆ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಡೈಪರ್ ಎಂದಿಗೂ ಹಾಕಬಾರದೇ? ಹಾಗೇನಿಲ್ಲ. ಬಸ್ಸಿನ ಪ್ರಯಾಣಕ್ಕೆ, ಆಸ್ಪತ್ರೆಗೆ ಬರುವಾಗ, ತಾಯಿಗೆ ತೀರ ನಿದ್ದೆಯಿಲ್ಲದ ರಾತ್ರಿಗಳಲ್ಲಿ ಬಳಸಬಹುದು. ಮೂರು ನಾಲ್ಕು ಗಂಟೆಗೊಮ್ಮೆ, ಮಲವಾದರೆ ಕೂಡಲೇ ಬದಲಿಸಬೇಕು. ಒಂದಕ್ಕೆ ಹತ್ತು ರೂಪಾಯಿ ಎಂದು ಹಿಡಿದು ದಿನಕ್ಕೆ ಆರು ಬಳಸಿದರೆ ತಿಂಗಳಿಗೆ 1800 ರೂಪಾಯಿ ಆಗುತ್ತದೆ. ಆ ಹಣದಿಂದ ಬಾಣಂತಿಗೆ ಹಾಲು, ಮೊಳಕೆಕಾಳು, ಸೊಪ್ಪು, ಹಣ್ಣು ತರಬಹುದು. ಖರ್ಚು ಉಳಿಸಲೆಂದು ಒಂದೇ ಡೈಪರನ್ನು ಇಡೀ ದಿನ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಬಳಸಿದ ಡೈಪರ್ ಏನು ಮಾಡಬೇಕು? ಮಲವನ್ನು ಕಕ್ಕಸಿಗೆ ಹಾಕಿ, ಹಳೆಯ ಪೇಪರಿನಲ್ಲಿ ಭದ್ರವಾಗಿ ಸುತ್ತಿ, ಗುರುತು ಮಾಡಿ ಪೌರಕಾರ್ಮಿಕರಿಗೆ ಬೇರೆಯಾಗಿ ಕೊಡಬೇಕು. ಹೀಗೆ ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು. ಅದೇ ವರ್ಷ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ದೇಶಕ್ಕೇ ಮೊದಲನೆಯದಾಗಿತ್ತು. ಕಸವನ್ನು ಕೈಯಿಂದ ಬೇರ್ಪಡಿಸುವವರೂ ಮಕ್ಕಳೊಂದಿಗರೆಂಬುದನ್ನು ಮರೆಯಬಾರದು.

ಗುಂಡಿ, ಎಲಾಸ್ಟಿಕ್ ಇರುವ ಹೊಸ ರೀತಿಯ ಬಟ್ಟೆ ಡೈಪರ್ ತರಬಹುದೇ? ತರಬಹುದು. ಮೊದಲು ಐದಾರು ಸಲ ಒಗೆಯಬೇಕು. ಹೊರಪದರದಿಂದ ಒದ್ದೆ ಕಾಣುವುದಿಲ್ಲವಾದ್ದರಿಂದ ಬೆರಳು ಹಾಕಿ ಆಗಾಗ ನೋಡುತ್ತಿರಬೇಕು. ಹಳೆಯ ಪಂಚೆಯ ತುಂಡೂ ಅದೇ ಕೆಲಸ ಮಾಡುತ್ತದೆ, ಅದು ಇಲ್ಲವೆಂದು ಯಾರೂ ಕೊರಗಬೇಕಾಗಿಲ್ಲ.

ಮೂತ್ರ ಮಾಡುವ ಮೊದಲು ಮಗು ಅಳುತ್ತದೆ, ಏಕೆ? ಬಹುತೇಕ ಮಕ್ಕಳಲ್ಲಿ ಇದು ಸಹಜ. ಆದರೆ ಗಂಡುಮಗುವಿನ ಮೂತ್ರ ಧಾರೆಯಾಗಿ ಬಾರದೆ ಯಾವಾಗಲೂ ತೊಟ್ಟು ತೊಟ್ಟಾಗಿ ಬರುತ್ತಿದ್ದರೆ ಮೂತ್ರನಾಳದಲ್ಲಿ ತಡೆ ಇರಬಹುದು. ಲಂಗೋಟಿ ಬದಲಿಸುವಾಗ ಇದನ್ನು ಗಮನಿಸಿ ವೈದ್ಯರಿಗೆ ಹೇಳಬೇಕು.

ಕೂಡಲೇ ಆಸ್ಪತ್ರೆಗೆ ಬರಬೇಕಾದ ಸಂದರ್ಭಗಳು

1. ಹುಟ್ಟಿ 24 ಗಂಟೆಯಾದರೂ ಮಲ ಅಥವಾ ಮೂತ್ರ ಆಗದಿದ್ದರೆ.
2. ಐದನೆಯ ದಿನದ ನಂತರ ಆರಕ್ಕಿಂತ ಕಡಿಮೆ ಬಟ್ಟೆ ಒದ್ದೆಯಾಗುತ್ತಿದ್ದರೆ, ಮಗು ಹಾಲು ಬಿಟ್ಟು ಮಂಕಾಗಿದ್ದರೆ.
3. ಮಲ ಬಿಳಿಚಿದ್ದರೆ, ಮೂತ್ರ ಗಾಢ ಹಳದಿಯಾಗಿದ್ದರೆ.
4. ಅಂಗೈ ಅಂಗಾಲಿನವರೆಗೆ ಹಳದಿ ಇಳಿದಿದ್ದರೆ.
5. ಮಲದಲ್ಲಿ ರಕ್ತ, ಹಸಿರು ವಾಂತಿ, ಹೊಟ್ಟೆಯುಬ್ಬರ ಕಂಡರೆ.
6. ಎರಡು ತಿಂಗಳೊಳಗಿನ ಮಗುವಿನ ಮೈ ಸುಡುತ್ತಿದ್ದರೆ ಅಥವಾ ತಣ್ಣಗಾಗಿದ್ದರೆ.
7. ಹೊಕ್ಕುಳ ಸುತ್ತ ಕೆಂಪು, ಕೀವು ಇದ್ದರೆ. ಲಂಗೋಟಿಯ ಜಾಗದಲ್ಲಿ ಕೀವುಗುಳ್ಳೆ ಎದ್ದರೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಭೇಟಿ ನೀಡುವ ವ್ಯವಸ್ಥೆಯಿದೆ. ಅವರು ಬಂದಾಗ ಕ್ಯಾಲೆಂಡರಿನ ಗೀಟುಗಳನ್ನು ತೋರಿಸಿ, ಮಲಮೂತ್ರದ ಬಣ್ಣವನ್ನೂ ತಿಳಿಸಿ. ಸಂಕೋಚ ಬೇಡ. ಹಳೆಯ ಸೀರೆ ಪಂಚೆಗಳಲ್ಲಿ ಖರ್ಚಿಲ್ಲದೆ ಆಗುವ ಈ ಕೆಲಸವನ್ನು ಗಮನವಿಟ್ಟು ಮಾಡಿದರೆ ಮಗುವಿನ ಚರ್ಮವೂ ಚೆನ್ನಾಗಿರುತ್ತದೆ, ಮಗುವಿನ ಆರೋಗ್ಯದಲ್ಲಿ ಏರುಪೇರಾದಾಗ ಮನೆಯವರಿಗೆ ಮೊದಲೇ ತಿಳಿಯುತ್ತದೆ.